ಕಿವಿಗೆ ಬೀಳದ ಪಾಠಗಳು

ತುಮಕೂರಿನಲ್ಲಿ ಕಿವಿ ಕೇಳದ ಹುಡುಗ ಹುಡುಗಿಯರಿಗೆ ಕೆಲಸದ ತರಬೇತಿ ಕೊಡುತ್ತಾ ಏಳು ವರ್ಷವಾಯಿತು. ನಮ್ಮವರು ಹೆಚ್ಚಾಗಿ ಸೇರುವುದು ದಾಬಸ್‌ಪೇಟೆ, ನೆಲಮಂಗಲ ಕಡೆಯ ಗೋದಾಮುಗಳಿಗೆ. ಸಾಮಾನು ಎಣಿಸುವುದು, ಸ್ಕ್ಯಾನ್ ಮಾಡುವುದು, ಪ್ಯಾಕ್ ಮಾಡುವುದು, ಇಂಥ ಕೆಲಸ.

ಮೊದಲ ತಂಡದ ಹದಿನಾಲ್ಕು ಜನರಲ್ಲಿ ಹನ್ನೊಂದು ಜನಕ್ಕೆ ಕೆಲಸ ಸಿಕ್ಕಿತು. ಸರ್ಟಿಫಿಕೇಟ್ ಹಿಡಿದು ಎಲ್ಲರೂ ಫೋಟೊ ತೆಗೆಸಿಕೊಂಡೆವು. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಏಳು ಜನ ವಾಪಸ್ ಮನೆಗೆ. ಇವರಿಗೆ ದುಡಿಯುವ ಮನಸ್ಸೇ ಇಲ್ಲ ಅಂತ ಸಿಟ್ಟು ಮಾಡಿಕೊಂಡೆ.

ಸಿಟ್ಟು ಇಳಿದ ಮೇಲೆ ಅವರಲ್ಲೊಬ್ಬನನ್ನು ಹುಡುಕಿಕೊಂಡು ಶಿರಾ ಹತ್ತಿರದ ಒಂದು ಹಳ್ಳಿಗೆ ಹೋದೆ. ಹುಡುಗ ಮಾತಾಡಲಿಲ್ಲ, ಅಂದರೆ ಸನ್ನೆ ಮಾಡಲಿಲ್ಲ. ಫೋನ್ ತೆಗೆದು ಬ್ಯಾಂಕಿನ ಮೆಸೇಜ್ ತೋರಿಸಿದ. ಹೇಳಿದ್ದ ಸಂಬಳ ಹದಿನಾಲ್ಕು ಸಾವಿರ, ಬಂದದ್ದು ಅದಕ್ಕಿಂತ ಕಡಿಮೆ. ಕದ್ದರು ಅಂತ ಕೈ ಬೀಸಿದ. ಯಾರೂ ಕದ್ದಿರಲಿಲ್ಲ. ಮುಂದಕ್ಕೆ ಅವನಿಗೇ ಸಿಗುವ ಉಳಿತಾಯವಾದ ಪಿ.ಎಫ್.ಗೆ ಮೂಲ ವೇತನದ 12%, ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ಆಗುವ ವಿಮೆ ಇ.ಎಸ್.ಐ.ಗೆ 0.75% ಹಿಡಿದಿದ್ದರು, ಅಷ್ಟೇ.

ಕಿವಿ ಕೇಳುವ ಹುಡುಗ ಇದನ್ನು ಟೀ ಅಂಗಡಿ ಮುಂದೆ ನಿಂತೇ ಕಲಿತುಬಿಡುತ್ತಾನೆ. ಒಬ್ಬ ಬೈದುಕೊಳ್ಳುತ್ತಾನೆ, ಇನ್ನೊಬ್ಬ ಸಮಾಧಾನ ಹೇಳುತ್ತಾನೆ, ಮೂರನೆಯವನು ಪಿ.ಎಫ್. ಹೇಗೆ ತೆಗೆಯುವುದು ಅಂತ ಉಪದೇಶ ಮಾಡುತ್ತಾನೆ. ನಮ್ಮ ಹುಡುಗ ಅಲ್ಲೇ ಟೀ ಕುಡಿಯುತ್ತಿದ್ದ. ಅವನ ಕಿವಿಗೆ ಏನೂ ಬೀಳಲಿಲ್ಲ. ನಾನೂ ಹೇಳಿರಲಿಲ್ಲ. ಸ್ಕ್ಯಾನರ್ ಹಿಡಿಯುವುದನ್ನು ಎರಡು ತಿಂಗಳು ಕಲಿಸಿದ್ದೆ. ಅದನ್ನು ಯಾರಾದರೂ ಎರಡು ದಿನದಲ್ಲಿ ಕಲಿಯುತ್ತಾರೆ.

ಈಗ ಮೊದಲ ವಾರವೇ ಸಂಬಳದ ಚೀಟಿ ಕೈಗೆ ಕೊಡುತ್ತೇನೆ. ಆಮೇಲೆ ಇಂಥದ್ದೇ ಚಿಲ್ಲರೆ ವಿಷಯಗಳು. ರಜೆ ಯಾರನ್ನು ಕೇಳಬೇಕು, ಸೂಪರ್‌ವೈಸರ್ ಬದಲಾದರೆ ಏನು, ಓ.ಟಿ. ಅಂದರೇನು, ಊಟದ ಸಮಯ ಮುಗಿದದ್ದು ಗೊತ್ತಾಗುವುದು ಹೇಗೆ. ಬೆಲ್ ಅವರಿಗೆ ಕೇಳಲ್ಲ ಅಲ್ವಾ? ಕೈಗೆ ಕಟ್ಟುವ, ನಡುಗುವ ವಾಚ್ ಸಾಕು.

ಕಂಪನಿಯವರ ಕಡೆಯಿಂದ ಬರುವ ಮಾಮೂಲಿ ಮಾತು: 'ಮಾತು ಬರದಿದ್ದರೇನು, ಬರೆದು ಕೊಡ್ತೀವಿ ಬಿಡಿ.' ನಾನೂ ಹಾಗೇ ನಂಬಿದ್ದೆ. 'ಪೆಟ್ಟಿಗೆಯಿಂದ ತೆಗೆ', 'ಪೆಟ್ಟಿಗೆಗೆ ಹಾಕು' ಎರಡರಲ್ಲೂ ಕೊನೆಯಲ್ಲಿ ಅಂಟಿರುವ 'ಇಂದ', 'ಗೆ' ನಮಗೆ ಹುಟ್ಟಿನಿಂದ ಕೇಳಿ ಕೇಳಿ ಬಂದವು. ಸನ್ನೆ ಭಾಷೆಯಲ್ಲಿ ಅವು ಹೀಗೆ ಪದಕ್ಕೆ ಅಂಟಿಕೊಳ್ಳುವುದಿಲ್ಲ. ಕೈ ಯಾವ ಕಡೆ ಚಲಿಸಿತು ಅನ್ನುವುದೇ ಅರ್ಥ. ಹತ್ತನೇ ತರಗತಿ ಪಾಸಾದವನೂ ಉದ್ದದ ಸೂಚನೆ ಓದಿ ತಲೆಯಾಡಿಸುತ್ತಾನೆ, ಅರ್ಥವಾಗಿರುವುದಿಲ್ಲ. ತಲೆಯಾಡಿಸುವುದನ್ನು ಮಾತ್ರ ಶಾಲೆಯಲ್ಲಿ ಚೆನ್ನಾಗಿ ಕಲಿತಿರುತ್ತಾರೆ. ಹಾಗಾಗಿ ಕೆಲಸವನ್ನು ಹಂತ ಹಂತವಾಗಿ ಒಡೆದು ಫೋಟೊ ತೆಗೆದು ಮೇಜಿನ ಮೇಲೆ ಅಂಟಿಸುತ್ತೇವೆ. 'ಅರ್ಥವಾಯಿತಾ' ಅಂತ ಕೇಳಬೇಡಿ, 'ಮಾಡಿ ತೋರಿಸು' ಅನ್ನಿ ಅಂತ ಸೂಪರ್‌ವೈಸರ್‌ಗೆ ಹೇಳುತ್ತೇನೆ.

ಕಂಪನಿಯವರ ಇನ್ನೊಂದು ಭಯ ಫೋರ್ಕ್‌ಲಿಫ್ಟ್, ಅಂದರೆ ಗೋದಾಮಿನೊಳಗೆ ಸರಕು ಎತ್ತಿ ಸಾಗಿಸುವ ಗಾಡಿ. ಹಾರ್ನ್ ಕೇಳದವನ ಹಿಂದೆ ಬಂದರೆ? ಈ ಭಯ ಸುಳ್ಳಲ್ಲ, ತಳ್ಳಿಹಾಕಬಾರದು. ಮೊದಲ ದಿನವೇ ಗೋದಾಮನ್ನು ಸುತ್ತುತ್ತೇನೆ. ನಡೆಯುವ ದಾರಿಗೆ ಹಳದಿ ಗೆರೆ ಇದೆಯಾ, ತಿರುವಿನಲ್ಲಿ ಕನ್ನಡಿ ಇದೆಯಾ, ಬೆಂಕಿಯ ಅಲಾರಂಗೆ ಮಿನುಗುವ ದೀಪ ಇದೆಯಾ ನೋಡುತ್ತೇನೆ. ಗಾಡಿಯ ಮುಂದೆ ನೆಲದ ಮೇಲೆ ನೀಲಿ ಬೆಳಕು ಬೀಳಿಸುವ ದೀಪವಿದ್ದರೆ ಇನ್ನೂ ಒಳ್ಳೆಯದು. ಒಂದು ಗೋದಾಮಿನಲ್ಲಿ ಆ ದೀಪ ಹಾಕಿಸಿದ ಮೇಲೆ ಚಾಲಕನೇ ಹೇಳಿದ, 'ಇದು ನಮ್ಮೆಲ್ಲರಿಗೂ ಬೇಕಿತ್ತು ಸಾರ್, ಈ ಗಲಾಟೆಯಲ್ಲಿ ಹಾರ್ನ್ ಯಾರಿಗೆ ಕೇಳುತ್ತೆ?'

ಕಾಗದ ಪತ್ರದ ಕೆಲಸ ಬೇಜಾರಿನದು, ಆದರೆ ಬಿಡುವ ಹಾಗಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಇಲ್ಲದಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ರಿಯಾಯಿತಿ ಬಸ್ ಪಾಸಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗಳಿಗೂ ಸಮಾನ ಅವಕಾಶ ನೀತಿ ಇರಬೇಕು. ಆದರೆ ನಾನು ಕಾಯ್ದೆ ಹಿಡಿದು ಬಾಗಿಲು ತಟ್ಟುವುದಿಲ್ಲ. ಒಮ್ಮೆ ತಟ್ಟಿದ್ದೆ. ಟೀ ಕೊಟ್ಟು ಗೌರವವಾಗಿ ಕಳಿಸಿಬಿಟ್ಟರು. ಒಬ್ಬನನ್ನು ಹದಿನೈದು ದಿನ ನೋಡಿ, ಜೊತೆಗೆ ನಾನೂ ಇರುತ್ತೇನೆ ಅಂದರೆ ಬಾಗಿಲು ಬೇಗ ತೆರೆಯುತ್ತದೆ. ಆ ಹದಿನೈದು ದಿನದಲ್ಲಿ ನಾನು ಹುಡುಗನಿಗಿಂತ ಜಾಸ್ತಿ ಕಲಿಸುವುದು ಪಕ್ಕದ ಮೇಜಿನವರಿಗೆ. ಇಪ್ಪತ್ತು ಸನ್ನೆ ಬಂದರೆ ಸಾಕು. ಬೈಗುಳದ ಸನ್ನೆಯನ್ನು ನಾನು ಹೇಳಿಕೊಡುವುದಿಲ್ಲ, ಅದನ್ನು ಅವರವರೇ ಮೊದಲು ಕಲಿತುಕೊಳ್ಳುತ್ತಾರೆ.

ಹುಡುಗಿಯರ ವಿಷಯದಲ್ಲಿ ಮಾತ್ರ ನಾನಿನ್ನೂ ತಡವರಿಸುತ್ತಿದ್ದೇನೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಹೋಯಿತು, ಮನೆಯವರ ಭಯ ಹೋಗಲಿಲ್ಲ. ಒಂದೇ ದಾರಿಯ ಇಬ್ಬರನ್ನು ಜೋಡಿ ಮಾಡಿ, ಹಗಲು ಪಾಳಿಗೇ ಹಾಕಿಸಿ, ಮೊದಲ ವಾರ ಅಪ್ಪನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಕೆಲವರು ಒಪ್ಪಿದ್ದಾರೆ. ಕುಣಿಗಲ್ ಕಡೆಯ ಒಬ್ಬ ತಾಯಿ ಒಪ್ಪಿಲ್ಲ. ಅವರ ಮಗಳ ಕೈ ಎಷ್ಟು ಚುರುಕು ಅಂದರೆ ತರಬೇತಿಯಲ್ಲಿ ಎಲ್ಲರಿಗಿಂತ ಮೊದಲು ಅವಳ ಪೆಟ್ಟಿಗೆ ಮುಗಿಯುತ್ತಿತ್ತು. 'ದಾರಿಯಲ್ಲಿ ಏನಾದ್ರೂ ಆದ್ರೆ ಕೂಗೋಕೂ ಬರಲ್ಲ ಸಾರ್ ಅವಳಿಗೆ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ನಮ್ಮಿಬ್ಬರ ತುಟಿಯನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಕೆಲಸದಲ್ಲಿರುವ ಇಬ್ಬರು ಹುಡುಗಿಯರನ್ನೂ ಅವರ ಅಮ್ಮಂದಿರನ್ನೂ ಕರೆದುಕೊಂಡು.