ಹೆರಿಗೆ ಆಯ್ತಂತ ತಲೆದಿಂಬು ಇಳಿಸಬ್ಯಾಡ್ರಿ

ಕಲಬುರಗಿಯ ಐಸಿಯುದಲ್ಲಿ ಹದಿನಾರು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಹೊಸದಾಗಿ ಡ್ಯೂಟಿಗೆ ಬರುವ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ನೋಡಿದ ಬಸುರಿ ಹೃದ್ರೋಗಿಗಳಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ (ಗಂಟಲು ಸೋಂಕಿನ ನಂತರ ಬಂದು ಹೃದಯಕ್ಕೆ ತಗಲುವ ಜ್ವರ) ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು. ಶರಣಬಸವೇಶ್ವರ ಜಾತ್ರೆಯ ದಿನ ಗುಡಿ ಬಾಗಿಲು ಅರ್ಧವೇ ತೆರೆದರೆ ಜನ ಅಂಗಳದಲ್ಲೇ ಒತ್ತಿಕೊಂಡು ನಿಲ್ಲುತ್ತಾರಲ್ಲ, ಹಾಗೆಯೇ ರಕ್ತ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಬಸಿರಿನಲ್ಲಿ ರಕ್ತ ಶೇ. 40–50ರಷ್ಟು ಹೆಚ್ಚುವುದರಿಂದ 28ನೇ ವಾರದ ಆಚೀಚೆ ದಮ್ಮು ಜೋರಾಗುತ್ತದೆ. "ಉಸಿರಾಟದ ತೊಂದರೆ ಇದೆಯೇ" ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ. "ಅವ್ವಾ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತಿ? ಎದ್ದು ಕೂಡ್ತಿಯೇನು?" ಅಂತ ಕೇಳಿ.

ಅಂಗಾತ ಮಲಗಿಸಬೇಡಿ. ತಲೆಕಡೆ ಎತ್ತಿ, ಎಡಮಗ್ಗುಲಿಗೆ ವಾಲಿಸಿ. ರಕ್ತದ ಆಕ್ಸಿಜನ್ ಮಟ್ಟ ಶೇ. 95ಕ್ಕಿಂತ ಇಳಿಯಬಾರದು. ನಾಡಿ ಓಡಿದಷ್ಟೂ ಆ ಕಿರಿದಾದ ಬಾಗಿಲು ದಾಟಲು ರಕ್ತಕ್ಕೆ ಸಮಯ ಸಾಲದು. ನಾಡಿ ನಿಮಿಷಕ್ಕೆ 100 ದಾಟಿತೆಂದರೆ ಡಾಕ್ಟರನ್ನು ಕರೆಯಿರಿ. ನೋವು, ಜ್ವರ, ಹೆದರಿಕೆ ಮೂರೂ ನಾಡಿ ಏರಿಸುತ್ತವೆ. ನೀರಿನಂಶ ಹೆಚ್ಚಾದರೂ ಶ್ವಾಸಕೋಶಕ್ಕೆ ಭಾರ, ಅದಕ್ಕೇ ಸಲೈನ್ ಅಳತೆಯ ಪಂಪಿನಲ್ಲೇ ಹೋಗಲಿ. ಬೇಸಿಗೆಯಲ್ಲಿ ಅತ್ತೆಯವರು ಪ್ರೀತಿಯಿಂದ ಚೊಂಬುಗಟ್ಟಲೆ ನೀರು ಕುಡಿಸುತ್ತಾರೆ. ಬೈಯಬೇಡಿ. ಅಳತೆಯ ಬಾಟಲಿ ಅವರ ಕೈಗೇ ಕೊಟ್ಟು, ಇದರಷ್ಟೇ ಕುಡಿಸಬೇಕು ಅಂತ ಹೇಳಿ.

ಹೆರಿಗೆ ನಂತರದ ಹೊತ್ತೇ ನನಗೆ ಹೆಚ್ಚು ಭಯ. ಗರ್ಭಕೋಶ ಕುಗ್ಗಿದಾಗ ಅಲ್ಲಿದ್ದ ಬಹಳಷ್ಟು ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ನನ್ನ ಮೊದಲ ವರ್ಷದಲ್ಲಿ ಶಹಾಪುರ ಕಡೆಯ ಒಬ್ಬಳು ಹೆತ್ತಳು, ಮಗು ಅತ್ತಿತು, ನಾವೆಲ್ಲ ನಿರಾಳವಾದೆವು. ಆರಾಮವಾಗಿ ಮಲಗಲಿ ಅಂತ ನಾನೇ ದಿಂಬು ತೆಗೆದೆ. ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿ ಬಾಯಲ್ಲಿ ಗುಲಾಬಿ ನೊರೆ. ಕೂರಿಸಿ, ಆಕ್ಸಿಜನ್ ಹಚ್ಚಿ, ಮೂತ್ರದಲ್ಲಿ ನೀರು ಹೊರಹಾಕಿಸುವ ಲ್ಯಾಸಿಕ್ಸ್ ಕೊಟ್ಟ ಮೇಲೆ ಉಳಿದಳು. ಅಂದಿನಿಂದ ಹೆರಿಗೆಯಾದ ಮೂರು ದಿನ ನಾನು ಇಂಥವರ ಮೇಲಿನ ಕಣ್ಣು ತೆಗೆಯುವುದಿಲ್ಲ. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ನಿಧಾನವಾಗಿ ಹೋಗಬೇಕು, ಒಮ್ಮೆಲೇ ರಕ್ತನಾಳಕ್ಕೆ ತಳ್ಳಬಾರದು. ಅದೇ ಕೆಲಸದ, ಆದರೆ ರಕ್ತದೊತ್ತಡ ಏರಿಸುವ ಮೆಥರ್ಜಿನ್ ಟ್ರೇಯಲ್ಲಿ ಕಂಡರೆ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಗರ್ಭಕೋಶ ಹೊಕ್ಕುಳ ಮಟ್ಟ ಮುಟ್ಟಿದ ಬಸುರಿಯ ಹೃದಯ ನಿಂತರೆ, ಒಬ್ಬರು ಎದೆ ಒತ್ತುತ್ತಿರಲಿ, ಇನ್ನೊಬ್ಬರು ಎರಡೂ ಕೈಯಿಂದ ಗರ್ಭಕೋಶವನ್ನು ಅವಳ ಎಡಕ್ಕೆ ಸರಿಸಿ ಹಿಡಿಯಲಿ. ಐದು ನಿಮಿಷದೊಳಗೆ ಮಗುವನ್ನು ಹೊರತೆಗೆಯಬೇಕಾಗಬಹುದು. ಆ ಆಪರೇಷನ್ನಿಗೆ ಬೇಕಾದ ಟ್ರೇ ಹಾಸಿಗೆ ಪಕ್ಕದಲ್ಲೇ ಇರಲಿ.

ಮನೆಗೆ ಕಳಿಸುವಾಗ, ರುಮ್ಯಾಟಿಕ್ ಜ್ವರ ಮರುಕಳಿಸದಿರಲಿ ಅಂತ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನಿನ ಮುಂದಿನ ತಾರೀಖನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಮುಂದಿನ ಬಸಿರಿನ ಮಾತನ್ನು ಗಂಡನನ್ನೂ ಕೂರಿಸಿಕೊಂಡೇ ಆಡಿ.