12 ಎಂಎಂ ಪ್ಲೈವುಡ್ಡಿನಲ್ಲೇ ಬೇಸ್ ಕ್ಯಾಬಿನೆಟ್: ನನ್ನ ಅನುಭವ

ಬೇಸ್ ಗಿಟಾರಿಗೆ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಮಾಡ್ತೀನಿ ಅಂದಾಗ ಕೇಳಿಸಿಕೊಂಡಿದ್ದು ಎರಡೇ ಮಾತು. ಪ್ಲೈವುಡ್ 18 ಎಂಎಂಗಿಂತ ತೆಳ್ಳಗಾದರೆ ಡಬ್ಬ ಬಡಿದ ಹಾಗೆ ಕೇಳುತ್ತೆ. 15 ಇಂಚಿನ ಸ್ಪೀಕರ್ ಇಲ್ಲದಿದ್ದರೆ ಇ ಸ್ಟ್ರಿಂಗ್ (ಅತಿ ದಪ್ಪದ ತಂತಿ) ಹೊರಗೇ ಬರಲ್ಲ. ಆರ್ಕೆಸ್ಟ್ರಾದವರು ಹೇಳಿದರು, ಸೌಂಡ್ ಸರ್ವಿಸ್‌ನವರು ಹೇಳಿದರು, ಕೊನೆಗೆ ಪ್ಲೈವುಡ್ ಕೊಯ್ದ ಕಾರ್ಪೆಂಟರೂ "ಸಾರ್, ಇದು ತಮಟೆ ಆಗುತ್ತೆ ನೋಡಿ" ಅಂದರು. ಈಗ ಡ್ರಮ್ಸ್ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿರುವುದು 12 ಎಂಎಂ ಪ್ಲೈವುಡ್, 12 ಇಂಚಿನ ಒಂದೇ ಸ್ಪೀಕರ್, 20 ಕೆಜಿ ಆಸುಪಾಸಿನ ಪೆಟ್ಟಿಗೆ. ಇದು ಮೂರನೆಯದು. ಮೊದಲನೆಯದು ಸ್ಟೂಲ್ ಆಗಿದೆ, ಎರಡನೆಯದನ್ನು ಬಿಚ್ಚಿ ಒಳಗಿನ ಆಸರೆ ಪಟ್ಟಿಗೆ, ಅಂದರೆ ಬ್ರೇಸ್‌ಗೆ ಬಳಸಿಕೊಂಡೆ.

ಮೊದಲ ತಪ್ಪು ಸ್ಪೀಕರ್ ಕೊಳ್ಳುವಾಗಲೇ ಆಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಪೀಕರ್ ಮಾರುವುದು ವ್ಯಾಟ್ ಲೆಕ್ಕದಲ್ಲಿ, ಮ್ಯಾಗ್ನೆಟ್ ದಪ್ಪದ ಲೆಕ್ಕದಲ್ಲಿ. 500 ವ್ಯಾಟಿನ ಪಿಎ (ಸಭೆ-ಸಮಾರಂಭದ ಸೌಂಡ್ ಸಿಸ್ಟಮಿನ) ಮಿಡ್-ಬೇಸ್ ಸ್ಪೀಕರ್ ತಂದೆ. ಎಫ್ಎಸ್ (ಸ್ಪೀಕರ್ ತಾನಾಗಿ ನಡುಗುವ ಫ್ರೀಕ್ವೆನ್ಸಿ) 60 ಹರ್ಟ್ಸ್ ಮೇಲೆ, ಕ್ಯೂಟಿಎಸ್ (ಆ ನಡುಕ ಎಷ್ಟು ಬೇಗ ಅಡಗುತ್ತೆ ಅನ್ನುವ ಅಳತೆ) 0.28 ಇರಬೇಕು, ಎಕ್ಸ್‌ಮ್ಯಾಕ್ಸ್ (ಕೋನ್, ಅಂದರೆ ಸ್ಪೀಕರಿನ ಆಡುವ ಕಾಗದ, ಒಂದು ಕಡೆಗೆ ಸರಿಯಾಗಿ ಚಲಿಸಬಲ್ಲ ದೂರ) 3 ಎಂಎಂ. ಸದ್ದು ಜೋರೋ ಜೋರು, ಆದರೆ ಎಲ್ಲ 100 ಹರ್ಟ್ಸ್ ಮೇಲಿನದು. ಪೆಟ್ಟಿಗೆ ಎಷ್ಟು ದೊಡ್ಡದು ಮಾಡಿದರೂ ಆ ಸ್ಪೀಕರ್ ಕೆಳಗಿಳಿಯಲ್ಲ. ಆಮೇಲೆ ಇನ್ನೊಂದು ತುದಿಗೆ ಹೋಗಿ ಕಾರಿನ ಸಬ್‌ವೂಫರ್ ಹಾಕಿ ನೋಡಿದೆ. ಎಫ್ಎಸ್ 28, ಕೆಳಗೆ ಚೆನ್ನಾಗಿ ಹೋಗುತ್ತೆ. ಆದರೆ ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಸದ್ದು ಬರುತ್ತೆ ಅನ್ನುವುದು) 86 ಡಿಬಿ. 97 ಡಿಬಿ ಸ್ಪೀಕರಿನಷ್ಟೇ ಸದ್ದು ಬರಬೇಕಾದರೆ ಹನ್ನೆರಡು ಪಟ್ಟಿಗಿಂತ ಹೆಚ್ಚು ಪವರ್ ಬೇಕು. 300 ವ್ಯಾಟಿನ ಹೆಡ್ (ಪ್ರತ್ಯೇಕ ಆಂಪ್) ಇಟ್ಟುಕೊಂಡು ಆ ಆಟ ಆಡಕ್ಕಾಗಲ್ಲ.

ಕೊನೆಗೆ ನಿಂತಿದ್ದು ನಮ್ಮಲ್ಲೇ ತಯಾರಾಗುವ 300 ವ್ಯಾಟಿನ ಫೆರೈಟ್ 12 ಇಂಚು, 8 ಓಮ್. ಎಫ್ಎಸ್ 45, ಕ್ಯೂಟಿಎಸ್ 0.38, ವಿಎಎಸ್ (ಕೋನಿನ ಸ್ಪ್ರಿಂಗ್ ಗುಣಕ್ಕೆ ಸಮನಾದ ಗಾಳಿಯ ಪ್ರಮಾಣ) 80 ಲೀಟರ್, ಎಕ್ಸ್‌ಮ್ಯಾಕ್ಸ್ 5 ಎಂಎಂ, ಸೆನ್ಸಿಟಿವಿಟಿ 96 ಇದ್ದ ನೆನಪು. ಈ ಐದು ಸಂಖ್ಯೆ ಇರುವ ಶೀಟ್ ಕೊಡದ ಅಂಗಡಿಯಲ್ಲಿ ಎಷ್ಟೇ ಕಡಿಮೆಗೆ ಕೊಟ್ಟರೂ ತಗೋಬೇಡಿ.

ಇ ಸ್ಟ್ರಿಂಗ್ 41 ಹರ್ಟ್ಸ್ ಅಲ್ವಾ, ಪೋರ್ಟ್ (ಗಾಳಿ ಆಡುವ ಪೈಪು) ಹಾಕಿ 48ಕ್ಕೆ ಟ್ಯೂನ್ ಮಾಡಿದ ನಿನ್ನ ಪೆಟ್ಟಿಗೆ ಸಾಕಾ ಅಂತ ಕೇಳುವವರು ಆಂಪೆಗ್‌ನ 8×10 (ಹತ್ತಿಂಚಿನ ಎಂಟು ಸ್ಪೀಕರಿನ) ಬೇಸ್ ಪೆಟ್ಟಿಗೆಯ ಸ್ಪೆಸಿಫಿಕೇಶನ್ ನೋಡಲಿ. ಅದು 58 ಹರ್ಟ್ಸ್‌ಗೇ 3 ಡಿಬಿ ಇಳಿದಿರುತ್ತೆ, 40ಕ್ಕೆ ಬರುವ ಹೊತ್ತಿಗೆ 10 ಡಿಬಿ. ಐವತ್ತು ವರ್ಷ ಅದರ ಮುಂದೆ ನಿಂತ ಯಾರೂ ಬೇಸ್ ಸಾಲದು ಅನ್ನಲಿಲ್ಲ. ಇ ನುಡಿಸಿದಾಗ ಕಿವಿ ಹಿಡಿಯುವುದು ಹೆಚ್ಚಾಗಿ 82ರ ಹಾರ್ಮೋನಿಕ್. ಅದನ್ನು ಗಟ್ಟಿಯಾಗಿ ಕೊಟ್ಟರೆ ಕೆಲಸ ಮುಗಿಯಿತು.

ಪ್ಲೈವುಡ್ ವಿಷಯ. ಗುರ್ಜನ್ ಮರದ 12 ಎಂಎಂ, 8×4 ಅಡಿ ಶೀಟು ಸುಮಾರು 25 ಕೆಜಿ ತೂಗುತ್ತೆ, ಪಾಪ್ಲರ್ ಆದರೆ 18ರ ಹತ್ತಿರ. ಹರಿಯಾಣದ ಯಮುನಾನಗರದ ಕಡೆಯಿಂದ ಬರುವ ಪಾಪ್ಲರ್ ಶೀಟು ಕೇಳಿ ತರಿಸಬೇಕು, ಸುಮ್ಮನೆ "ಕಮರ್ಷಿಯಲ್" ಅಂತ ಕೇಳಿದರೆ ಕೈಗೆ ಏನು ಬರುತ್ತೋ ಹೇಳಕ್ಕಾಗಲ್ಲ. ನಾನು ಗುರ್ಜನ್‌ನಲ್ಲೇ ಮಾಡಿದೆ, ಒಳಗೆ ಪೊಳ್ಳು ಕಡಿಮೆ. ಶೀಟಿನ ಅಂಚು ನೋಡಿ, ಕೋರ್‌ನಲ್ಲಿ ಸಂದಿ ಕಂಡರೆ ಬೇಡ. ಆ ಸಂದಿಯೊಳಗಿನ ಸಡಿಲ ಚಕ್ಕೆ ಯಾವುದೋ ಒಂದು ಸ್ವರಕ್ಕೆ ಮಾತ್ರ ಜುಯ್ ಅನ್ನುತ್ತೆ, ಪೆಟ್ಟಿಗೆ ಅಂಟಿಸಿದ ಮೇಲೆ ಅದನ್ನು ಹುಡುಕುವುದು ದೇವರಿಗೂ ಆಗಲ್ಲ.

ಹೊರ ಅಳತೆ 560 ಎತ್ತರ, 400 ಅಗಲ, 400 ಆಳ, ಎಲ್ಲ ಎಂಎಂ. ಸ್ಪೀಕರ್ ಕೂರುವ ಮುಂದಿನ ಹಲಗೆ, ಬ್ಯಾಫಲ್, ಮಾತ್ರ ಎರಡು ಪದರ, 24 ಎಂಎಂ. ಗ್ರಿಲ್‌ಗೆ ಅಂತ ಅದನ್ನು 19 ಎಂಎಂ ಒಳಗೆ ಕೂರಿಸಿದೆ. ಒಳಗೆ 69 ಲೀಟರ್ ಚಿಲ್ಲರೆ ಉಳಿಯುತ್ತೆ. ಸ್ಪೀಕರ್, ಬ್ರೇಸ್, ಪೈಪು ತಿನ್ನುವುದನ್ನು ಕಳೆದರೆ 60. ಒಂದು ಶೀಟಿನಲ್ಲಿ ಎರಡು ಪೆಟ್ಟಿಗೆ ಬರುತ್ತೆ, ಕೊಯ್ಯುವ ಮುಂಚೆ ಕಾಗದದ ಮೇಲೆ ಹಾಕಿಕೊಂಡರೆ.

ಬ್ಯಾಫಲ್ ಎರಡು ಪದರ ಯಾಕೆ ಅಂದರೆ, ಮೊದಲ ಪೆಟ್ಟಿಗೆಯಲ್ಲಿ ಒಂದೇ ಪದರಕ್ಕೆ ಮರದ ಸ್ಕ್ರೂ ಹಾಕಿದ್ದೆ. ಎರಡು ತಿಂಗಳಲ್ಲಿ ಮೂರು ಸ್ಕ್ರೂ ಹಿಡಿತ ಬಿಟ್ಟವು. ಈಗ ಎಂ5 ಟಿ-ನಟ್ (ಮರಕ್ಕೆ ಕಚ್ಚುವ ಹಲ್ಲಿನ ನಟ್) ಎಂಟು, ಒಳಗಡೆಯಿಂದ. ಟಿ-ನಟ್ ಹಲ್ಲುಗಳಿಗೆ ಅರಾಲ್ಡೈಟ್ ಹಚ್ಚಿ ಕೂರಿಸಿ, ಬೋಲ್ಟ್ ಹಾಕಿ ಎಳೆದು ಒಂದು ರಾತ್ರಿ ಬಿಡಿ. ಹಚ್ಚದಿದ್ದರೆ ಮೂರನೇ ಸಲ ಸ್ಪೀಕರ್ ಬಿಚ್ಚುವಾಗ ನಟ್ ಸುತ್ತಕ್ಕೆ ಶುರು ಮಾಡುತ್ತೆ, ಬೋಲ್ಟ್ ಹೊರಗೂ ಬರಲ್ಲ, ಒಳಗೂ ಹೋಗಲ್ಲ.

ಕಾರ್ಪೆಂಟರ್‌ಗಳ ಒಂದು ಅಭ್ಯಾಸ ಇದೆ. ಜೋಡಣೆಯಲ್ಲಿ 2 ಎಂಎಂ ಸಂದಿ ಬಿಟ್ಟು ಮೊಳೆ ಹೊಡೆದು, ಆಮೇಲೆ ಪುಟ್ಟಿ ಮೆತ್ತುತ್ತಾರೆ. ವಾರ್ಡ್‌ರೋಬ್‌ಗೆ ನಡೆಯುತ್ತೆ, ಸ್ಪೀಕರ್ ಪೆಟ್ಟಿಗೆಗೆ ನಡೆಯಲ್ಲ. ಫೆವಿಕಾಲ್ ಧಾರಾಳವಾಗಿ ಹಚ್ಚಿ, ಕ್ಲಾಂಪ್ ಹಾಕಿ, ಒಳಮೂಲೆಗಳಿಗೆಲ್ಲ 19×19 ರೀಪರ್ (ಮರದ ಪಟ್ಟಿ) ಅಂಟಿಸಲೇಬೇಕು ಅಂತ ಪಕ್ಕದಲ್ಲೇ ನಿಂತು ಮಾಡಿಸಿದೆ.

12 ಎಂಎಂ ಸಾಕಾ ಅನ್ನುವ ಪ್ರಶ್ನೆಗೆ ಉತ್ತರ ಬ್ರೇಸ್‌ನಲ್ಲಿದೆ. 18 ಎಂಎಂ ಹಲಗೆ 12ಕ್ಕಿಂತ ಸುಮಾರು 3.4 ಪಟ್ಟು ಬಿಗಿ. ಅದೇ 12ರ ಹಲಗೆಗೆ ನಡುವೆ ಒಂದು ಆಸರೆ ಕೊಟ್ಟು ಅಗಲವನ್ನು ಅರ್ಧ ಮಾಡಿದರೆ ಅದಕ್ಕಿಂತ ಹೆಚ್ಚು ಬಿಗಿ ಸಿಗುತ್ತೆ, ತೂಕ ಕಾಲು ಕೆಜಿ ಕೂಡ ಏರಲ್ಲ. ಎಡಬಲಕ್ಕೆ ಒಂದು, ಹಿಂದೆ-ಮುಂದೆ ಒಂದು, 25×25ರ ಗಟ್ಟಿಮರದ ರೀಪರ್, ಎರಡೂ ಸಂಧಿಸುವಲ್ಲಿ ಅಂಟು. ಸರಿಯಾಗಿ ಮಧ್ಯಕ್ಕೆ ಕೊಡಬೇಡಿ, ಎರಡು ಅರ್ಧವೂ ಒಂದೇ ಸ್ವರಕ್ಕೆ ನಡುಗುತ್ತವೆ. ನಾನು ಎಷ್ಟು ಪಕ್ಕಕ್ಕೆ ಸರಿಸಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ, 'ಡೊಂ' ಅನ್ನುವುದು 'ಟಕ್' ಆಗುವ ಜಾಗ ಸಿಗುತ್ತೆ.

ಇನ್ನು ಪೋರ್ಟ್. ಎರಡನೇ ಪೆಟ್ಟಿಗೆ ಹಾಳಾಗಿದ್ದು ಇಲ್ಲೇ. 75ರ ಪಿವಿಸಿ ಪೈಪು ಒಂದು, ಉದ್ದ 3 ಸೆಂ.ಮೀ. ಲೆಕ್ಕದ ಪ್ರಕಾರ 48 ಹರ್ಟ್ಸ್ ಸರಿಯಾಗೇ ಇತ್ತು. ಆದರೆ ಜೋರಾಗಿ ನುಡಿಸಿದರೆ ಪ್ರೆಶರ್ ಕುಕ್ಕರ್ ವಿಸಿಲ್‌ಗೆ ಮುಂಚಿನ ಸದ್ದು, ಫುಸ್ ಫುಸ್. ಗಾಳಿ ಹೋಗಲು ಜಾಗ ಸಾಲದು. ಆಗ 110 ಎಂಎಂ ಡ್ರೈನೇಜ್ ಪೈಪಿಗೆ ಬಂದೆ, ಒಳವ್ಯಾಸ 104ರ ಹತ್ತಿರ. 60 ಲೀಟರಿಗೆ 48 ಹರ್ಟ್ಸ್ ಬೇಕೆಂದರೆ 11 ಸೆಂ.ಮೀ. ಉದ್ದ. ನೇರವಾಗಿ 11ಕ್ಕೆ ಕೊಯ್ಯಲಿಲ್ಲ, 14 ಇಟ್ಟೆ. ಕೊಯ್ದದ್ದನ್ನು ಮತ್ತೆ ಉದ್ದ ಮಾಡಕ್ಕಾಗಲ್ಲ. ಮೊದಲು ಇನ್ಸುಲೇಶನ್ ಟೇಪ್ ಸುತ್ತಿ ಬಿಗಿಯಾಗಿ ತುರುಕಿ, ಅಳತೆ ಎಲ್ಲ ಮುಗಿದ ಮೇಲೆ ಎಂ-ಸೀಲ್.

ಅಳೆಯುವ ಕ್ರಮ ಹೀಗೆ: ಫೋನಿನಲ್ಲಿ ಟೋನ್ ಜನರೇಟರ್, ಅಲ್ಲಿಂದ ಆಂಪ್, ಆಂಪಿನಿಂದ 100 ಓಮ್ 10 ವ್ಯಾಟ್ ರೆಸಿಸ್ಟರ್ ದಾಟಿ ಸ್ಪೀಕರ್. ಆಂಪ್ ಔಟ್‌ಪುಟ್ 5 ವೋಲ್ಟ್ ಇಟ್ಟುಕೊಂಡು, ಮಲ್ಟಿಮೀಟರ್ ಅನ್ನು ಸ್ಪೀಕರ್ ಎರಡು ತುದಿಗೆ ಹಾಕಿ 20ರಿಂದ 100 ಹರ್ಟ್ಸ್ ತನಕ ಒಂದೊಂದೇ ಏರಿಸುತ್ತಾ ಬರೆದುಕೊಳ್ಳಿ. ಎರಡು ಗುಡ್ಡ, ನಡುವೆ ಒಂದು ಕಣಿವೆ ಸಿಗುತ್ತೆ. ಕಣಿವೆಯ ತಳವೇ ಟ್ಯೂನಿಂಗ್. ನನಗೆ ಗುಡ್ಡಗಳು 26 ಮತ್ತು 77ರ ಸುತ್ತ, ಕಣಿವೆ 44ರಲ್ಲಿ ಬಂತು. ಅಲ್ಲಿ ಮೀಟರ್ 0.3 ವೋಲ್ಟ್ ತೋರಿಸುತ್ತೆ. ಇನ್ನೂರು ರೂಪಾಯಿಯ ಹಳದಿ ಮೀಟರಿನಲ್ಲಿ ಎಸಿಗೆ 200 ವೋಲ್ಟಿನದೇ ಅತಿ ಚಿಕ್ಕ ರೇಂಜ್, ಅದರಲ್ಲಿ ಈ ಕಣಿವೆ ಕಾಣಿಸಲ್ಲ. 2 ವೋಲ್ಟ್ ಎಸಿ ರೇಂಜ್ ಇರುವುದು ಬೇಕು. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು.

ಮೀಟರೇ ಇಲ್ಲದವರಿಗೆ ಸಾಸಿವೆ. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಕೋನ್ ಮೇಲೆ ಹತ್ತು ಹದಿನೈದು ಕಾಳು ಹಾಕಿ, ಟೋನ್ ನಿಧಾನವಾಗಿ ಬದಲಿಸಿ. ಬೇರೆಲ್ಲ ಟೋನ್‌ಗೆ ಕುಣಿಯುವ ಕಾಳು ಒಂದು ಫ್ರೀಕ್ವೆನ್ಸಿಯಲ್ಲಿ ತಣ್ಣಗಾಗುತ್ತೆ. ಟ್ಯೂನಿಂಗ್‌ನಲ್ಲಿ ಕೋನ್ ಅತಿ ಕಡಿಮೆ ಆಡುತ್ತೆ, ಕೆಲಸವೆಲ್ಲ ಪೋರ್ಟಿನದು. ಮೀಟರಿಗೂ ಸಾಸಿವೆಗೂ ಒಂದೆರಡು ಹರ್ಟ್ಸ್ ಬಿಟ್ಟರೆ ವ್ಯತ್ಯಾಸ ಬರಲಿಲ್ಲ. ಆಮೇಲೆ ಒಂದೊಂದು ಸೆಂ.ಮೀ. ಕತ್ತರಿಸುತ್ತಾ 48ಕ್ಕೆ ತಂದೆ. ಪೈಪಿನ ಎರಡೂ ಬಾಯಿಯ ಅಂಚನ್ನು ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿದ್ದು ಕೊನೆಯ ಫುಸ್ ಅನ್ನೂ ಕಳೆಯಿತು.

ಸೋರಿಕೆ ಹಿಡಿಯಲು ಊದುಬತ್ತಿ. ಪೋರ್ಟಿಗೆ ಬಟ್ಟೆ ಉಂಡೆ ತುರುಕಿ, 50 ಹರ್ಟ್ಸ್ ಹಾಕಿ, ಹೊಗೆಯನ್ನು ಪ್ರತಿ ಜೋಡಣೆಯ ಉದ್ದಕ್ಕೂ ತಗೊಂಡು ಹೋಗಿ. ಸೋರುವಲ್ಲಿ ಹೊಗೆಯ ಎಳೆ ಚದುರುತ್ತೆ. ನನಗೆ ಸಿಕ್ಕಿದ್ದು ಮರದಲ್ಲಲ್ಲ, ಹ್ಯಾಂಡಲ್ ಸ್ಕ್ರೂಗಳಲ್ಲಿ ಮತ್ತು ಸ್ಪೀಕಾನ್ (ತಿರುಗಿಸಿ ಲಾಕ್ ಆಗುವ ಸ್ಪೀಕರ್ ಪ್ಲಗ್) ಜ್ಯಾಕ್ ಪ್ಲೇಟಿನ ಕೆಳಗೆ. ಬಾಗಿಲಿಗೆ ಅಂಟಿಸುವ ಫೋಮ್ ಟೇಪು ಸಾಕಾಯಿತು.

ಇಷ್ಟಾದ ಮೇಲೂ ಒಂದು ಕಾಟ ಉಳಿದಿತ್ತು. ತಂತಿಯನ್ನು ಅಂಗೈಯಿಂದ ಮುಚ್ಚಿದಾಗ, ಪಿಕಪ್ ಮೇಲೆ ಹೆಬ್ಬೆರಳು ಬಿದ್ದಾಗ ಕೋನ್ ಹೊರಗೆ ಹಾರಿ 'ಟಕ್' ಅನ್ನುತ್ತಿತ್ತು. ಟ್ಯೂನಿಂಗ್ ಕೆಳಗೆ ಪೋರ್ಟ್ ಬರೀ ತೂತು, ಕೋನ್‌ಗೆ ಹಿಡಿತವೇ ಇರಲ್ಲ. ಸ್ಪೀಕರ್ ಸುಟ್ಟೇ ಸಾಯಬೇಕಿಲ್ಲ, ಹೀಗೆ ಬಡಿದುಕೊಂಡೂ ಸಾಯುತ್ತೆ. ಅದಕ್ಕೆ ಹೈಪಾಸ್ ಫಿಲ್ಟರ್ (ತೀರಾ ಕೆಳಗಿನ ಸ್ವರ ತಡೆಯುವ ಸರ್ಕ್ಯೂಟ್) ಕಟ್ಟಿದೆ. ಒಂದು ಟಿಎಲ್072 (ಎರಡು ಆಪ್-ಆಂಪ್ ಇರುವ ಐಸಿ), ಅರ್ಧ ಬಫರ್ (ಇನ್‌ಪುಟ್‌ಗೆ 1 ಮೆಗ್), ಇನ್ನರ್ಧ ಸ್ಯಾಲನ್-ಕೀ ಅನ್ನುವ ಫಿಲ್ಟರ್. 104 (0.1 ಮೈಕ್ರೋಫ್ಯಾರಡ್) ಅಂತ ಬರೆದ ಫಿಲ್ಮ್ ಕೆಪಾಸಿಟರ್ ಎರಡು ಸಾಲಾಗಿ, ಅವುಗಳ ನಡುವಿನಿಂದ ಔಟ್‌ಪುಟ್‌ಗೆ 27ಕೆ, ಪ್ಲಸ್ ಇನ್‌ಪುಟ್‌ನಿಂದ 56ಕೆ. 41 ಹರ್ಟ್ಸ್ ಬರುತ್ತೆ. 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸುವವರು ಆ 56ಕೆ ಅನ್ನು ಗ್ರೌಂಡಿಗೆ ಹಾಕಬೇಡಿ, ಎರಡು 10ಕೆ ಮತ್ತು 47 ಮೈಕ್ರೋಫ್ಯಾರಡ್‌ನಿಂದ ಮಾಡಿದ 4.5 ವೋಲ್ಟಿಗೆ ಹಾಕಿ. ಗ್ರೌಂಡಿಗೆ ಹಾಕಿ ಎರಡು ಐಸಿ ಬದಲಿಸಿದ ಮೇಲೆ ನನಗೆ ತಿಳಿದಿದ್ದು. ಇದನ್ನು ಹೆಡ್‌ನ ಎಫೆಕ್ಟ್ಸ್ ಲೂಪಿನಲ್ಲಿ ಇಟ್ಟಿದ್ದೇನೆ. ಆಮೇಲೆ ಇನ್ನೊಂದು ಸ್ಟೇಜ್ ಸೇರಿಸಿದೆ, ಅದರ ಬೆಲೆಗಳನ್ನು ಇಲ್ಲಿ ಬರೆಯಲ್ಲ. ಇ ಸ್ಟ್ರಿಂಗ್ ಕಡಿಮೆಯಾಯಿತು ಅಂತ ಯಾರೂ ಹೇಳಲಿಲ್ಲ, ವಾಲ್ಯೂಮ್ ಮಾತ್ರ ಎರಡು ಗೆರೆ ಮೇಲೆ ಇಡಲು ಆಗುತ್ತಿದೆ.

ನಡುವೆ ಒಂದೆರಡು ಅಡ್ಡದಾರಿ. ಒಳಗೆ ಹಾಸಲು ತೆಂಗಿನ ನಾರಿನ ಹಾಸಿಗೆ ತುಂಡು ಅಂಟಿಸಿದೆ, ಅಗ್ಗ. ನಾರಿನ ಪುಡಿ ಉದುರಿ ಕೋನ್ ಹಿಂದೆ ಸರಸರ ಅಂತು. ಈಗ ದಿಂಬಿನ ಅಂಗಡಿಯ ಪಾಲಿಯೆಸ್ಟರ್ ಹತ್ತಿ, ಹಿಂದೆ, ಮೇಲೆ ಮತ್ತು ಒಂದು ಪಕ್ಕಕ್ಕೆ ಮಾತ್ರ, 40 ಎಂಎಂ ದಪ್ಪ. ತುಂಬಬಾರದು, ಪೋರ್ಟ್ ಹತ್ತಿರ ಎಳೆಯೂ ಇರಬಾರದು. ಸ್ಲ್ಯಾಪ್‌ಗೆ (ಹೆಬ್ಬೆರಳಿಂದ ತಂತಿ ಬಡಿದು ನುಡಿಸುವುದಕ್ಕೆ) ಇರಲಿ ಅಂತ ಪೀಜೋ ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್) 22 ಓಮ್ ಸೇರಿಸಿ ಹಾಕಿದೆ. ಸ್ಲ್ಯಾಪ್ ಬಂತು, ಜೊತೆಗೆ ಪ್ರೀಆಂಪಿನ ಹಿಸ್ ಮತ್ತು ಬೆರಳು ಜಾರುವ ಕಿರ್ ಎಲ್ಲವೂ ಬಂತು. ಕಿತ್ತು ತೂತು ಮುಚ್ಚಿದೆ.

ವೈರ್ 1.5 ಚದರ ಎಂಎಂ ತಾಮ್ರ, ಸ್ಪೀಕಾನ್ 1+ 1-. ಗಿಟಾರ್ ಕೇಬಲ್‌ನಲ್ಲಿ ಹೆಡ್‌ನಿಂದ ಪೆಟ್ಟಿಗೆಗೆ ಕೊಡುವವರು ಇನ್ನೂ ಇದ್ದಾರೆ, ಬಿಸಿಯಾಗುವುದು ಮುಟ್ಟಿದರೆ ಗೊತ್ತಾಗುತ್ತೆ. ಸ್ಪೀಕರಿಗೆ ಪೆನ್ಸಿಲ್ ಸೆಲ್ ಮುಟ್ಟಿಸಿ, ಪ್ಲಸ್‌ಗೆ ಕೋನ್ ಹೊರಗೆ ಬರುವುದನ್ನು ನೋಡಿಕೊಳ್ಳಿ. ಎರಡು ಪೆಟ್ಟಿಗೆ ಸೇರಿಸುವ ದಿನ ಒಂದು ಉಲ್ಟಾ ಇದ್ದರೆ ಬೇಸ್ ಮಾಯ. ಸೇರಿಸುವಾಗ ಒಂದರ ಮೇಲೊಂದು ಇಡಿ, ಪಕ್ಕಪಕ್ಕ ಇಟ್ಟರೆ ಸ್ಟೇಜಿನ ಪಕ್ಕದಲ್ಲಿರುವವರಿಗೆ ಮೇಲಿನ ಸ್ವರ ಹೋಗಲ್ಲ.

ದುಡ್ಡು: ಸ್ಪೀಕರ್ 6,500, ಅರ್ಧ ಶೀಟು 1,800, ಕಾರ್ಪೆಂಟರ್ ಎರಡು ದಿನ 2,400, ರೆಕ್ಸಿನ್ ಮತ್ತು ಎಸ್ಆರ್ ಗಮ್ 900, ಮೂಲೆ, ಹ್ಯಾಂಡಲ್, ಜಾಲರಿ, ಜ್ಯಾಕ್ ಎಲ್ಲ 1,700. ಫಿಲ್ಟರ್ 400 ಒಳಗೆ. 13,700 ಆಯಿತು. ಮೊದಲೆರಡು ಪೆಟ್ಟಿಗೆಗೆ, ಮಾರಲಾಗದೆ ಉಳಿದ ಸ್ಪೀಕರ್‌ಗಳಿಗೆ ಹೋದ 14,000ವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಿದರೂ ಹೊರದೇಶದ ಪೆಟ್ಟಿಗೆಗಿಂತ ಕಡಿಮೆಯೇ. ಪಾಪ್ಲರ್‌ನಲ್ಲಿ ಮಾಡಿದರೆ ಇನ್ನೂ ಮೂರು ಕೆಜಿ ಇಳಿಯುತ್ತೆ, ಉಳಿದ ಅರ್ಧ ಶೀಟು ಗುರ್ಜನ್ ಇರುವುದರಿಂದ ಇದರ ಜೋಡಿ ಪೆಟ್ಟಿಗೆಯೂ ಗುರ್ಜನ್ನೇ.

ಐದು ತಂತಿಯವರು ಇದೇ ಅಳತೆಯಲ್ಲಿ ಮಾಡಿ ಕಡಿಮೆ ಬಿ ಸ್ಟ್ರಿಂಗ್ ಬರಲಿಲ್ಲ ಅಂತ ನನಗೆ ಫೋನ್ ಮಾಡಬೇಡಿ. ಅದು 31 ಹರ್ಟ್ಸ್. ಅದಕ್ಕೆ 6 ಎಂಎಂ ದಾಟಿದ ಎಕ್ಸ್‌ಮ್ಯಾಕ್ಸ್ ಇರುವ ಸ್ಪೀಕರ್, 90 ಲೀಟರ್ ಪೆಟ್ಟಿಗೆ ಬೇಕು, 110ರ ಪೈಪು ಎರಡು ಬೇಕು, ಆಗ ಪೈಪಿನ ಉದ್ದವೇ ಪೆಟ್ಟಿಗೆಯ ಆಳವನ್ನು ಮುಟ್ಟುತ್ತೆ.