ಹಿತ್ತಲ ತೊರೆಗೆ ಬೀವರ್ ಬಂದರೆ: ವಾಷಿಂಗ್ಟನ್ ರಾಜ್ಯದ ಕನ್ನಡಿಗರಿಗೆ

ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆ ತೊರೆ ಪಕ್ಕದ ಮನೆ ಕೊಂಡ ಹೊಸಬರು ನೀರು ಏರಿದ್ದು ಕಂಡೊಡನೆ ಗುದ್ದಲಿ ಹಿಡಿದು, ಹಲ್ಲಿನಿಂದ ಮರ ಉರುಳಿಸಿ ತೊರೆಗೆ ಅಡ್ಡ ಕಟ್ಟುವ ಪ್ರಾಣಿಯಾದ ಬೀವರ್‌ನ ಕಟ್ಟೆ ಒಡೆಯಲು ಹೊರಡುತ್ತಾರೆ. ದಯವಿಟ್ಟು ಬೇಡ.

ಜಾಗ ನಿಮ್ಮದೇ ಆದರೂ ಕಟ್ಟೆ ಮುಟ್ಟಲು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಎಚ್‌ಪಿಎ (ಹೈಡ್ರಾಲಿಕ್ ಪ್ರಾಜೆಕ್ಟ್ ಅಪ್ರೂವಲ್, ಅಂದರೆ ತೊರೆ-ನದಿಗಳಲ್ಲಿ ಕೆಲಸ ಮಾಡಲು ಕೊಡುವ ಒಪ್ಪಿಗೆ) ಅನುಮತಿ ಬೇಕು. ಪೂರ್ತಿ ಅರ್ಜಿ ತಲುಪಿದ ಮೇಲೆ ತೀರ್ಮಾನಕ್ಕೆ ಇಲಾಖೆಗೆ 45 ದಿನಗಳ ಗಡುವಿದೆ. ಸಾಮಾನ್ಯವಾಗಿ ಮೀನುಗಳಿಗೆ ತೊಂದರೆಯಾಗದ ಬೇಸಿಗೆಯಲ್ಲೇ ನೀರಿಗಿಳಿಯಲು ಬಿಡುತ್ತಾರೆ. ನವೆಂಬರ್ ಮಳೆಯಲ್ಲಿ ಅರ್ಜಿ ಹಾಕಿದರೆ ಆ ವರ್ಷ ಹೋದಂತೆಯೇ. ಮನೆಗೇ ನೀರು ನುಗ್ಗುವಂತಿದ್ದರೆ ತುರ್ತು ಅನುಮತಿ ಕೇಳಿ. ಸಿಟಿ, ಕೌಂಟಿಯ ಅನುಮತಿ ಬೇರೆಯೇ ಬೇಕಾಗಬಹುದು.

ಒಡೆದರೂ ಫಲವಿಲ್ಲ. ಹರಿಯುವ ನೀರಿನ ಸದ್ದು ಕೇಳಿದರೆ ಬೀವರ್ ಕೈಕಟ್ಟಿ ಕೂರದು. ರಾತ್ರಿ ಕಳೆಯುವುದರೊಳಗೆ ಬಿರುಕು ಮುಚ್ಚುತ್ತದೆ, ಅದಕ್ಕೆ ನಿಮ್ಮ ಹಿತ್ತಲಿನ ಇನ್ನೆರಡು ಮರ ಬೀಳುತ್ತವೆ. ಒಮ್ಮೆಲೇ ನುಗ್ಗಿದ ನೀರು ಕೆಳಗಿನ ಮನೆಯವರ ಅಂಗಳಕ್ಕೆ ಹೋದರೆ ಹೊಣೆಯೂ ನಿಮ್ಮದೇ.

ನಮ್ಮ ಕೆರೆ ಏರಿಗೆ ತೂಬು ಇರುವಂತೆ ಇಲ್ಲೂ ಒಂದು ತೂಬು ಇಡಬೇಕು. ಇಲ್ಲಿನವರು ಅದನ್ನು ಪಾಂಡ್ ಲೆವೆಲರ್ ಅನ್ನುತ್ತಾರೆ. ಸಾಮಾನ್ಯವಾಗಿ 12 ಇಂಚಿನ ಪ್ಲಾಸ್ಟಿಕ್ ಪೈಪನ್ನು ಕಟ್ಟೆಯ ಮೂಲಕ ಹಾಯಿಸುತ್ತಾರೆ. ಒಳಬಾಯಿ ಕಟ್ಟೆಯಿಂದ 20 ಅಡಿಗೂ ದೂರ, ನೀರಿನಡಿ, ಸುಮಾರು 6 ಅಡಿ ಅಗಲದ ದಪ್ಪ ತಂತಿಯ ಪಂಜರದೊಳಗೆ. ನೀರು ಎಲ್ಲಿ ನುಸುಳುತ್ತಿದೆ ಎಂಬುದೇ ಬೀವರ್‌ಗೆ ತಿಳಿಯಬಾರದು. ಪಂಜರ ಚಿಕ್ಕದಾದರೆ ಸೆಳೆತ ಪತ್ತೆಯಾಗಿ ಕೆಸರು ಮೆತ್ತುತ್ತದೆ. ಪೈಪ್ ತೇಲದಂತೆ ಮೇಲೆ ಸಣ್ಣ ತೂತು ಕೊರೆದು ಕಾಂಕ್ರೀಟ್ ಬ್ಲಾಕ್ ಕಟ್ಟಿ. ಕಟ್ಟೆಯಲ್ಲಿ ಪೈಪ್ ಕೂರುವ ಎತ್ತರವೇ ನೀರಿನ ಮಟ್ಟ. ಆಸೆಬಿದ್ದು ಒಂದು ಅಡಿಗಿಂತ ಹೆಚ್ಚು ಇಳಿಸಿದರೆ ಕೆಳಗಡೆ ಹೊಸ ಕಟ್ಟೆ ಏಳುವ ಸಂಭವ ಹೆಚ್ಚು. ಇದಕ್ಕೂ ಎಚ್‌ಪಿಎ ಬೇಕು. ಸಾಲ್ಮನ್ ಹತ್ತುವ ತೊರೆಯಾದರೆ ಮೀನಿನ ದಾರಿ ತಿಳಿದವರಿಂದಲೇ ಮಾಡಿಸಿ. ಎಲೆ ಉದುರಿದ ಮೇಲೆ ಪಂಜರಕ್ಕೆ ಅಂಟಿದ ಕಸ ತೆಗೆಯುವುದನ್ನು ಮರೆಯಬೇಡಿ.

ಮರಗಳಿಗೆ ಕೋಳಿಗೂಡಿನ ತೆಳು ಜಾಲರಿ ಸಾಲದು. ಬೆಸುಗೆ ಹಾಕಿದ, 2 ಇಂಚು × 4 ಇಂಚು ಕಣ್ಣಿನ ಜಾಲರಿಯನ್ನು 4 ಅಡಿ ಎತ್ತರಕ್ಕೆ, ಕಾಂಡದಿಂದ ಕೈಯಗಲ ಬಿಟ್ಟು ಸುತ್ತಿ. ಮರ ದಪ್ಪವಾದಂತೆ ಸಡಿಲಿಸುತ್ತಿರಿ.

ಹಿಡಿದು ಬೇರೆ ಕೆರೆಗೆ ಬಿಡೋಣ ಅನ್ನುವವರಿಗೆ: ಅನುಮತಿಯಿಲ್ಲದೆ ಹಾಗೆ ಬಿಡುವುದು ಅಪರಾಧ. ಆದರೆ ಆಸ್ತಿಗೆ ಹಾನಿಯಾದರೆ ಮಾಲೀಕ ಅದನ್ನು ಕೊಲ್ಲಲು ಇದೇ ರಾಜ್ಯದ ಕಾನೂನಿನಲ್ಲಿ ದಾರಿಯಿದೆ. ಕಟ್ಟೆಗಿರುವಷ್ಟು ರಕ್ಷಣೆ ಕಟ್ಟಿದ ಪ್ರಾಣಿಗಿಲ್ಲ! ಕೊಲ್ಲದೆ ಬಗೆಹರಿಸುವ ಯತ್ನಕ್ಕೆ ಮೊದಲ ಜಾಗ ಕೊಟ್ಟ ಕ್ಯಾಲಿಫೋರ್ನಿಯಾದ 2023ರ ನೀತಿಯೇ ಮೇಲು. ಕೊಂದರೂ ಒಳ್ಳೆಯ ಜಾಗ ಖಾಲಿ ಉಳಿಯದು, ಇನ್ನೊಂದು ಜೋಡಿ ಬರುತ್ತದೆ. ಇದು ಮೀನು ತಿನ್ನುವ ನೀರುನಾಯಿಯೂ ಅಲ್ಲ. ತೊಗಟೆ, ಎಲೆ ತಿಂದು ಬದುಕುವ ಇದರ ಕೆರೆಯಲ್ಲೇ ಕೋಹೋ ಸಾಲ್ಮನ್ ಮರಿಗಳು ಬೆಳೆಯುತ್ತವೆ.

ವಸಂತದಲ್ಲಿ ರಸ್ತೆಬದಿ ಒಂಟಿ ಬೀವರ್ ಕಂಡರೆ ಬಹುಶಃ ಎರಡು ವರ್ಷ ತುಂಬಿ ಮನೆ ಬಿಟ್ಟದ್ದು. ಗಾಯವಿಲ್ಲದಿದ್ದರೆ ಅದರ ಪಾಡಿಗೆ ಬಿಡಿ. ಒಂಟಿ ಪುಟ್ಟ ಮರಿಗೆ ಹಾಲು, ಬ್ರೆಡ್ ಕೊಡಬೇಡಿ, ಮನೆಗೂ ತರಬೇಡಿ. ಪರವಾನಗಿ ಇರುವ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಫೋನ್ ಮಾಡಿ, ನಾಯಿಗಳನ್ನು ದೂರವಿಟ್ಟು, ಅವರು ಹೇಳಿದಂತೆ ಮಾಡಿ.